ನಿಮ್ಮೂರಲ್ಲಿ ಎಷ್ಟು ಮಿಲಿಮೀಟರ್?

ಜುಲೈ ತಿಂಗಳ ರಾತ್ರಿಗಳಲ್ಲಿ ಕರಾವಳಿ, ಮಲೆನಾಡಿನ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಪ್ರಶ್ನೆ ಒಂದೇ: ‘ನಾಳೆ ಡಿ.ಸಿ. ರಜೆ ಕೊಡ್ತಾರಾ?’ ಕಾರ್ಕಳದವನು ‘ಇಲ್ಲಿ ಬೆಳಗ್ಗಿನಿಂದ ಒಂದೇ ಸಮ ಮಳೆ’ ಎಂದು ಬರೆದರೆ, ಮಂಗಳೂರಿನವಳು ‘ಇಲ್ಲಿ ಬಿಸಿಲು ಉಂಟು ಮಾರಾಯ’ ಎನ್ನುತ್ತಾಳೆ. ಆಗುಂಬೆ ಕಡೆಯವನು ‘ನೀವು ಇದನ್ನೆಲ್ಲ ಮಳೆ ಅಂತೀರಾ?’ ಎಂದು ನಗುತ್ತಾನೆ. ಏಪ್ರಿಲ್ ಬಂದರೆ ಇದೇ ಪಂದ್ಯ ಬಿಸಿಲಿನ ಮೇಲೆ ನಡೆಯುತ್ತದೆ. ಬೆಂಗಳೂರಿನವನು 34 ಡಿಗ್ರಿಗೇ ಉಸ್ಸಪ್ಪಾ ಎಂದರೆ ಕಲಬುರಗಿಯವನು ‘ನಮ್ ಕಡಿ ಬಾ, ತೋರಸ್ತೀನಿ’ ಎನ್ನುತ್ತಾನೆ. ಡಿಸೆಂಬರ್‌ನಲ್ಲಿ ಬೀದರ್ ಚಳಿ ಹೆಚ್ಚೋ ಮಡಿಕೇರಿ ಚಳಿ ಹೆಚ್ಚೋ ಎಂಬ ಚರ್ಚೆ. ಅಷ್ಟರಲ್ಲಿ ಯಾರೋ ಮನಾಲಿಗೆ ಹೋದವರು ಮೊಣಕಾಲುದ್ದ ಹಿಮದಲ್ಲಿ ನಿಂತ ಫೋಟೊ ಹಾಕಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ.

ದೊಡ್ಡವರು ಇದನ್ನು ಕೆಲಸವಿಲ್ಲದವರ ಹರಟೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಊರಿನ ಮಳೆ, ಬಿಸಿಲು, ಚಳಿಯನ್ನು ಇನ್ನೊಂದು ಊರಿನದ್ದಕ್ಕೆ ಹೋಲಿಸಿ ನೋಡುವುದು ಒಳ್ಳೆಯ ಹವ್ಯಾಸ. ತೊಂದರೆ ಇರುವುದು ನಾವು ಹೋಲಿಸುವ ರೀತಿಯಲ್ಲಿ. ನಾವು ಅಳೆಯುವುದಿಲ್ಲ, ಬರೆದಿಡುವುದಿಲ್ಲ. ಮೊಬೈಲ್ ಪರದೆ ತೋರಿಸಿದ ಅಂಕಿಯನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತೇವೆ. ವಾರ ಕಳೆದರೆ ಅದು ಯಾರಿಗೂ ನೆನಪಿರುವುದಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಭಾಷಣ ಕೇಳಿ ಬೆಳೆದ ನಮ್ಮ ತಲೆಮಾರು, ಸ್ವಂತ ಊರಿನಲ್ಲಿ ಕಳೆದ ವರ್ಷ ಎಷ್ಟು ಮಳೆ ಬಂತೆಂದು ಕೇಳಿದರೆ ಕೈಚೆಲ್ಲುತ್ತದೆ.

ನಮ್ಮ ಹಿರಿಯರಿಗೆ ಹೋಲಿಕೆಗೆ ಒಂದು ಕ್ರಮವಿತ್ತು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು–ಹದಿನಾಲ್ಕು ದಿನಗಳ ಲೆಕ್ಕದಲ್ಲಿ ಮಳೆಗಾಲವನ್ನು ಕತ್ತರಿಸಿಟ್ಟುಕೊಂಡಿದ್ದರು. ‘ಹೋದ ವರ್ಷ ಮೃಗಶಿರಾ ಕೈಕೊಟ್ಟಿತ್ತು, ಈ ಸಲ ಹಿಡಿಯಿತು’ ಎಂದರೆ ಕೇಳಿದವನಿಗೆ ಯಾವ ಹದಿನೈದು ದಿನದ ಮಾತು ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಕಾಶ್ಮೀರದವರದ್ದೂ ಹೀಗೇ. ಡಿಸೆಂಬರ್ 21ರಿಂದ ಆರಂಭವಾಗುವ ನಲವತ್ತು ದಿನದ ಕಡುಚಳಿಗೆ ಅವರು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಆಮೇಲಿನ ಇಪ್ಪತ್ತು ದಿನಕ್ಕೆ ಒಂದು ಹೆಸರು, ಕೊನೆಯ ಹತ್ತು ದಿನಕ್ಕೆ ಇನ್ನೊಂದು. ಯಾವ ವರ್ಷ ಚಿಲ್ಲೈ ಕಲಾನ್‌ನಲ್ಲಿ ಹಿಮ ಬೀಳಲಿಲ್ಲ ಎಂಬುದನ್ನು ಅಲ್ಲಿನವರು ಮರೆಯುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರು ಹಿಮವಿಲ್ಲದೆ ಬೋಳಾಗಿ ನಿಂತಾಗ ಅದು ದೇಶಕ್ಕೆಲ್ಲ ಸುದ್ದಿಯಾಗಿದ್ದು ಇದೇ ಕಾರಣಕ್ಕೆ. ಇಷ್ಟು ದಿನದೊಳಗೆ ಇಷ್ಟು ಹಿಮ ಬೀಳಬೇಕಿತ್ತು ಎಂಬ ಲೆಕ್ಕ ಜನರ ತಲೆಯಲ್ಲಿತ್ತು.

ನಮ್ಮ ಕೈಯಲ್ಲಿ ಇರುವುದು ಮೊಬೈಲ್. ಅದು ‘34 ಡಿಗ್ರಿ’ ಎಂದು ತೋರಿಸಿದಾಗ ನಮ್ಮ ಮನೆ ಪಕ್ಕ ಯಾರೋ ಥರ್ಮಾಮೀಟರ್ ಇಟ್ಟು ನೋಡಿ ಹೇಳಿದ್ದಾರೆ ಎಂದು ನಂಬುತ್ತೇವೆ. ಬಹುತೇಕ ಸಲ ಹಾಗಿರುವುದಿಲ್ಲ. ಹಲವು ಕಿಲೋಮೀಟರ್ ಅಗಲದ ಒಂದು ಚೌಕಕ್ಕೆ ಕಂಪ್ಯೂಟರ್ ಮಾದರಿಯೊಂದು ಲೆಕ್ಕ ಹಾಕಿ ಕೊಟ್ಟ ಅಂದಾಜು ಅದು. ಎರಡು ಆ್ಯಪ್ ಎರಡು ಅಂಕಿ ತೋರಿಸುವುದೂ ಅದಕ್ಕೇ. ಅದರ ಜತೆಗೆ ಗಾಳಿಯ ತೇವವನ್ನೂ ಸೇರಿಸಿ ಹೇಳುವ ‘ಮೈಗೆ ಅನ್ನಿಸುವ’ ತಾಪಮಾನ ಬೇರೆ. ಒಬ್ಬ ಒಂದನ್ನು, ಇನ್ನೊಬ್ಬ ಇನ್ನೊಂದನ್ನು ಹಿಡಿದು ವಾದಕ್ಕೆ ನಿಂತರೆ ಅದು ಅಡಿಯಲ್ಲಿ ಅಳೆದ ಎತ್ತರವನ್ನು ಮೀಟರಿನಲ್ಲಿ ಅಳೆದದ್ದರ ಜತೆ ನಿಲ್ಲಿಸಿದ ಹಾಗೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ 45 ಡಿಗ್ರಿಯಂತೂ ಆ ಕಾರಿನದ್ದೇ ಹೊರತು ಊರಿನದ್ದಲ್ಲ.

ಊರಿನ ತಾಪಮಾನ ಎಂದರೆ ನೆರಳಿನಲ್ಲಿರುವ ಗಾಳಿಯ ತಾಪಮಾನ. ಅದನ್ನು ಅಳೆಯಲು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿಯಾಡುವಂತೆ ಪಟ್ಟಿ ಪಟ್ಟಿಯಾಗಿ ಸೀಳಿರುವ ಮರದ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಡುತ್ತಾರೆ. ಇದರ ಹೆಸರು ಸ್ಟೀವನ್ಸನ್ ಪೆಟ್ಟಿಗೆ. ಇದನ್ನು ರೂಪಿಸಿದ ಥಾಮಸ್ ಸ್ಟೀವನ್ಸನ್ ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ಕಟ್ಟಿದ ಎಂಜಿನಿಯರ್. ‘ಟ್ರೆಷರ್ ಐಲೆಂಡ್’ ಬರೆದ ಕಾದಂಬರಿಕಾರ ಆರ್.ಎಲ್. ಸ್ಟೀವನ್ಸನ್ ಅವರ ತಂದೆ. ಜಗತ್ತಿನ ಎಲ್ಲ ಕಡೆ ಇಂಥದ್ದೇ ಪೆಟ್ಟಿಗೆ, ಇಂಥದ್ದೇ ಎತ್ತರ ಏಕೆಂದರೆ ಹಾಗಿದ್ದಾಗ ಮಾತ್ರ ರಾಯಚೂರಿನ 42ನ್ನು ನಾಗಪುರದ 42ರ ಪಕ್ಕ ಇಟ್ಟು ಮಾತಾಡಬಹುದು.

ಈ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಲಿಬಿಯಾದ ಅಲ್ ಅಝೀಝಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು ಎಂದು ತೊಂಬತ್ತು ವರ್ಷ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅಚ್ಚಾಯಿತು. ಎಷ್ಟೋ ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ಅದನ್ನೇ ಬಾಯಿಪಾಠ ಮಾಡಿದರು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಆ ದಾಖಲೆಯನ್ನು ರದ್ದು ಮಾಡಿತು. ಉಪಕರಣ ಓದಲು ಕಷ್ಟದ್ದು, ಓದಿದವರು ಹೊಸಬರು, ಅಳತೆ ತೆಗೆದ ಜಾಗವೂ ಸರಿಯಿರಲಿಲ್ಲ ಎಂಬುದು ಕಾರಣ. ಎರಡನೆಯದು ನಮ್ಮ ಕಣ್ಣೆದುರಿನದ್ದು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶದ ದಾಖಲೆ ಮುರಿಯಿತೆಂದು ಟಿ.ವಿ.ಗಳು ಕೂಗಿದವು. ಹವಾಮಾನ ಇಲಾಖೆ ಹೋಗಿ ಪಕ್ಕದಲ್ಲಿ ಪ್ರಮಾಣಿತ ಉಪಕರಣ ಇಟ್ಟು ನೋಡಿದಾಗ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಯಂತ್ರ ಹೇಳಿದ ಮಾತ್ರಕ್ಕೆ ಅಂಕಿ ನಿಜವಾಗುವುದಿಲ್ಲ. ಇನ್ನೊಂದು ಅಳತೆ ಪಕ್ಕದಲ್ಲಿದ್ದಾಗಲೇ ತಪ್ಪು ಸಿಕ್ಕಿಬೀಳುವುದು.

ಮಳೆಯ ಅಳತೆ ಇದಕ್ಕಿಂತ ಸುಲಭ. ಸಮತಟ್ಟಾದ ನೆಲದ ಮೇಲೆ ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತರೆ ಎಷ್ಟು ಎತ್ತರ ನಿಲ್ಲುತ್ತದೋ ಅದೇ ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಈ ಒಂದು ಸೂತ್ರ ಗೊತ್ತಿದ್ದರೆ ಪತ್ರಿಕೆಯ ಮಳೆ ಸುದ್ದಿಗೆ ಜೀವ ಬರುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರಿಂದ ಉಳಿದಿದ್ದ ದಾಖಲೆ ಅಂದು ಮುರಿಯಿತು. 30x40 ಸೈಟು ಎಂದರೆ ಸುಮಾರು 111 ಚದರ ಮೀಟರ್. ಅಷ್ಟು ಮಳೆ ಬಿದ್ದ ಕಡೆ ಅಂಥ ಒಂದೊಂದು ಸೈಟಿನ ಮೇಲೂ ಒಂದೇ ದಿನ 12 ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದಿದೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅದೇ ಊರಿನ ಜನ ಟ್ಯಾಂಕರಿಗಾಗಿ ಕಾದು, ಕೇಳಿದಷ್ಟು ದುಡ್ಡು ಕೊಟ್ಟಿದ್ದರು. ದೊಡ್ಡ ಟ್ಯಾಂಕರ್ ಎರಡು ಲೋಡಿನಷ್ಟು ನೀರು ಪುಕ್ಕಟೆಯಾಗಿ ತಾರಸಿಗೆ ಬಂದು ಚರಂಡಿಗೆ ಹೋಯಿತು. ‘ಭಾರೀ ಮಳೆ’ ಎಂಬ ಎರಡು ಪದದಲ್ಲಿ ಈ ಲೆಕ್ಕ ಕಾಣುವುದಿಲ್ಲ, 111.1ರಲ್ಲಿ ಕಾಣುತ್ತದೆ.

‘ಭಾರೀ’ ಎಂಬ ಪದಕ್ಕೂ ಒಂದು ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ಹಳದಿ, ಕಿತ್ತಳೆ, ಕೆಂಪು ಎಂದು ನಾವು ದಿನವೂ ಕೇಳುವ ಎಚ್ಚರಿಕೆಗಳ ಬುಡದಲ್ಲಿ ಈ ಅಂಕಿಗಳಿವೆ. ಆ 24 ಗಂಟೆ ಎಂದರೆ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30. ಮಧ್ಯರಾತ್ರಿಯಿಂದ ಮಧ್ಯರಾತ್ರಿಯಲ್ಲ. ಒಬ್ಬ ಸಂಜೆಯಿಂದ ಲೆಕ್ಕ ಹಿಡಿದು, ಇನ್ನೊಬ್ಬ ಬೆಳಗ್ಗೆಯಿಂದ ಲೆಕ್ಕ ಹಿಡಿದು ‘ನಮ್ಮಲ್ಲೇ ಹೆಚ್ಚು’ ಎಂದರೆ ಇಬ್ಬರೂ ಬೇರೆ ಬೇರೆ ಮಳೆಯ ಮಾತಾಡುತ್ತಿದ್ದಾರೆ.

‘ದಕ್ಷಿಣದ ಚಿರಾಪುಂಜಿ’ ಯಾವುದು ಎಂಬ ಜಗಳವನ್ನೇ ನೋಡಿ. ಶಾಲೆಯಲ್ಲಿ ಆಗುಂಬೆ ಎಂದು ಓದಿದೆವು. ಈಗ ಪ್ರತಿ ವರ್ಷ ಹೊಸನಗರ ತಾಲ್ಲೂಕಿನ ಹುಲಿಕಲ್ ಅಥವಾ ಖಾನಾಪುರ ತಾಲ್ಲೂಕಿನ ಆಮಗಾಂವ್ ಅದನ್ನು ಹಿಂದಿಕ್ಕಿತು ಎಂಬ ಸುದ್ದಿ ಬರುತ್ತದೆ. ಒಂದು ವರ್ಷ ಹಿಂದಿಕ್ಕಿದರೆ ಪಟ್ಟ ಬದಲಾಗುವುದೇ? ಒಂದು ಜಾಗದ ‘ವಾಡಿಕೆ’ ಎಂದು ಹೇಳಬೇಕಾದರೆ ಸಾಮಾನ್ಯವಾಗಿ ಮೂವತ್ತು ವರ್ಷದ ಸರಾಸರಿ ಬೇಕು. ಆಗುಂಬೆಗೆ ಆ ಹಳೆಯ ಲೆಕ್ಕವಿದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಎಂದು ಹೇಳಲು ಅಲ್ಲಿ ದಶಕಗಳ ಕಾಲ ಯಾರೋ ಮಳೆಮಾಪಕವನ್ನು ದಿನವೂ ಬರಿದು ಮಾಡಿ ಬರೆದಿದ್ದಾರೆ. ಘಟ್ಟದ ಮೇಲೆ ಅದಕ್ಕಿಂತ ಹೆಚ್ಚು ಮಳೆ ಬೀಳುವ ಕೊಳ್ಳಗಳು ಬೇರೆಯೂ ಇರಬಹುದು. ಬರೆದಿಟ್ಟವರಿಲ್ಲದ ಕಾರಣ ಅವುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬೆಂಗಳೂರಿನ ವಿಷಯವೂ ಅಷ್ಟೇ. ‘ನಮ್ಮ ಕಾಲದಲ್ಲಿ ಬೆಂಗಳೂರಿಗೆ ಫ್ಯಾನೇ ಬೇಕಿರಲಿಲ್ಲ’ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ನೆನಪಿನ ಮಾತಿಗೆ ವಾದ ಹೂಡುವುದು ಕಷ್ಟ. ಆದರೆ 2016ರ ಏಪ್ರಿಲ್‌ನಲ್ಲಿ ಅದೇ ಊರು 39.2 ಡಿಗ್ರಿ ಮುಟ್ಟಿದ್ದು, 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದು ನೆನಪಲ್ಲ, ದಾಖಲೆ. ಹೆಸರೂ ಗೊತ್ತಿಲ್ಲದ ಯಾರೋ ಒಬ್ಬರು ಆ ಚಳಿಯಲ್ಲಿ ಎದ್ದು ಥರ್ಮಾಮೀಟರ್ ಓದಿ ಬರೆಯದೆ ಇದ್ದಿದ್ದರೆ ಇವತ್ತು ನಾವು ಯಾವುದಕ್ಕೆ ಹೋಲಿಸುತ್ತಿದ್ದೆವು? ‘ಬದಲಾಗಿದೆ’ ಎಂದು ಹೇಳಲು ಮೊದಲು ಹೇಗಿತ್ತು ಎಂಬುದು ಕೈಯಲ್ಲಿರಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಲಾಖೆ ಇದೆ, ಉಪಗ್ರಹ ಇದೆ, ರೇಡಾರ್ ಇದೆ. ನಾವು ಡಬ್ಬ ಹಿಡಿದು ಅಂಗಳದಲ್ಲಿ ನಿಲ್ಲಬೇಕೇ? ಬೇಕು. ಏಕೆಂದರೆ ಮಳೆ ಜಿಲ್ಲಾ ಗಡಿ ನೋಡಿ ಬೀಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ‘ಸರಾಸರಿ’ ಎಂಬ ಒಂದೇ ಅಂಕಿಯೊಳಗೆ ಆಗುಂಬೆಯೂ ಇದೆ, ನೂರು ಕಿಲೋಮೀಟರಿಗೂ ಹತ್ತಿರದಲ್ಲಿದ್ದು ಅದರ ಕಾಲುಭಾಗದಷ್ಟೂ ಮಳೆ ಕಾಣದ ಶಿವಮೊಗ್ಗ ನಗರವೂ ಇದೆ. ಇನ್ನಷ್ಟು ಪೂರ್ವಕ್ಕೆ ಚಳ್ಳಕೆರೆಗೆ ಹೋದರೆ ಮಳೆ ನೆರಳಿನ ಬಯಲು. ಬೇಸಿಗೆಯ ಗುಡುಗು ಮಳೆಯಂತೂ ಒಂದು ಬಡಾವಣೆ ತೋಯಿಸಿ ಪಕ್ಕದ ಬಡಾವಣೆಯನ್ನು ಒಣಗಲು ಬಿಡುತ್ತದೆ. ಮೋಡವನ್ನು ಮೇಲಿನಿಂದ ನೋಡಿ ಮಾಡುವ ಅಂದಾಜನ್ನು ಕೊನೆಗೂ ನೆಲದ ಮೇಲಿನ ಅಳತೆಯಿಂದಲೇ ಪರೀಕ್ಷಿಸಬೇಕು.

ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬ ಊರು ಇದನ್ನು ಕಷ್ಟಪಟ್ಟು ಕಲಿಯಿತು. 1997ರ ಜುಲೈ ಕೊನೆಯಲ್ಲಿ ಅಲ್ಲಿ ಪ್ರವಾಹ ಬಂದು ಐವರು ಸತ್ತರು. ಊರಿನ ಪಶ್ಚಿಮದ ಅಂಚಿನಲ್ಲಿ 14 ಇಂಚು ದಾಟಿ ಮಳೆ ಬಿದ್ದಿತ್ತು. ಕೆಲವೇ ಕಿಲೋಮೀಟರ್ ಪೂರ್ವಕ್ಕೆ ಎರಡು ಇಂಚೂ ಇರಲಿಲ್ಲ. ಇದು ಪೂರ್ತಿ ತಿಳಿದದ್ದು ಮಳೆ ನಿಂತ ಮೇಲೆ, ಜನರ ಅಂಗಳದ ಮಾಪಕ, ಬಕೆಟ್ಟುಗಳಲ್ಲಿ ಎಷ್ಟು ನೀರು ನಿಂತಿತ್ತೆಂದು ಕೇಳಿ ಲೆಕ್ಕ ಹಾಕಿದಾಗ. ಅಲ್ಲಿನ ವಿಶ್ವವಿದ್ಯಾಲಯದ ಹವಾಮಾನ ತಜ್ಞ ನೋಲನ್ ಡೋಸ್ಕೆನ್ 1998ರಲ್ಲಿ ಸಾಮಾನ್ಯ ಜನರನ್ನೇ ಸೇರಿಸಿ ಮಳೆ, ಆಲಿಕಲ್ಲು, ಹಿಮ ಅಳೆಯುವ ಜಾಲವೊಂದನ್ನು ಶುರು ಮಾಡಿದರು. ‘ಕೊಕೊರಾಸ್’ ಎಂಬ ಆ ಜಾಲದಲ್ಲಿ ಇಂದು ಸಾವಿರಾರು ಸ್ವಯಂಸೇವಕರಿದ್ದಾರೆ. ಎಲ್ಲರದ್ದೂ ಒಂದೇ ಬಗೆಯ ಮಾಪಕ, ಒಂದೇ ನಿಯಮ. ಹಿಮ ಬಿದ್ದರೆ ಎತ್ತರ ಅಳೆದು ಸುಮ್ಮನಾಗುವುದಿಲ್ಲ, ಕರಗಿಸಿ ನೀರಿನ ಲೆಕ್ಕವನ್ನೂ ಬರೆಯುತ್ತಾರೆ. ಹತ್ತಿಯಂಥ ಹಿಮ ಒಂದು ಅಡಿ ಬಿದ್ದರೂ ಕರಗಿದಾಗ ಒಂದು ಇಂಚು ನೀರಾಗದಿರಬಹುದು. ಮನಾಲಿಯ ಮೊಣಕಾಲುದ್ದ ಹಿಮವನ್ನು ಆಗುಂಬೆಯ ಮಳೆಗೆ ಹೋಲಿಸುವ ಆಸೆ ಇದ್ದವರು ಮೊದಲು ಅದನ್ನು ಕರಗಿಸಬೇಕು.

ಅಷ್ಟು ದೂರ ಹೋಗಬೇಕಿಲ್ಲ. ಕೊಡಗು, ಮೈಸೂರು ಜಿಲ್ಲೆಗಳಿಗೆ ಅಂಟಿಕೊಂಡಿರುವ, ನಮ್ಮ ಕಬಿನಿ ಹುಟ್ಟುವ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಸ್ಥಳೀಯರ ನೆರವಿನಿಂದ ಸುಮಾರು ಇನ್ನೂರು ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಅಲ್ಲಿಗೆ ಹತ್ತಿರದ ಪುತ್ತುಮಲದ ಮಾಪಕ 48 ಗಂಟೆಯಲ್ಲಿ 572 ಮಿ.ಮೀ. ಮಳೆ ತೋರಿಸಿತ್ತು. ಈ ಲೆಕ್ಕದ ಆಧಾರದಲ್ಲಿ ಅವರು ಹಿಂದಿನ ದಿನವೇ ಅಪಾಯದ ಸೂಚನೆ ಕೊಟ್ಟಿದ್ದರು. ಆದರೂ 250ಕ್ಕೂ ಹೆಚ್ಚು ಜೀವ ಹೋದವು. ಅಳತೆಯೊಂದೇ ಜನರನ್ನು ಉಳಿಸಲಾರದು ನಿಜ. ಅದನ್ನು ಕೇಳುವ ಕಿವಿ, ಜನರನ್ನು ಸ್ಥಳಾಂತರಿಸುವ ವ್ಯವಸ್ಥೆ ಎರಡೂ ಬೇಕು. ಆದರೆ ಅಳತೆಯೇ ಇಲ್ಲದಿದ್ದರೆ ಎಚ್ಚರಿಸುವ ಮಾತಿಗೆ ಬುಡವೇ ಇರುವುದಿಲ್ಲ. ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲ ಎಂಬ ಗಾದೆಯನ್ನು 2018ರ ಕೊಡಗು, 2019ರ ಬೆಳಗಾವಿ ಕಂಡ ನಾವು ಇನ್ನು ‘ಎಷ್ಟು ಬಂದರೆ?’ ಎಂದು ಕೇಳಿಯೇ ಹೇಳಬೇಕಾಗಿದೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಬಡವಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುವಂಥವು. ಆದರೆ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ನಿಮಗೆ ಗೊತ್ತೇ? ನನ್ನ ಗೆಳೆಯರಲ್ಲಿ ಕೇಳಿದೆ, ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಇದು ಗೊತ್ತಿರಲೇಬೇಕಾದ ವಿಷಯ ಏಕೆಂದರೆ ಆ ಪೆಟ್ಟಿಗೆಯಲ್ಲಿ ಹಣದ ಪ್ರಶ್ನೆಯಿದೆ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಯಾರೂ ಬಂದು ನಷ್ಟ ನೋಡುವುದಿಲ್ಲ. ಪಂಚಾಯಿತಿಯ ಮಾಪಕ ಎಷ್ಟು ಮಳೆ ತೋರಿಸಿತು ಎಂಬುದರ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಮಾಪಕದ ಬಾಯಿಗೆ ತರಗೆಲೆ ಕೂತರೆ, ಒಳಗೆ ಜೇಡ ಬಲೆ ಕಟ್ಟಿದರೆ, ಪಕ್ಕದ ಮರ ಬೆಳೆದು ಅಡ್ಡ ಬಂದರೆ ಅಂಕಿ ಕಡಿಮೆಯಾಗುತ್ತದೆ. ಕೊಳೆರೋಗಕ್ಕೆ ಅಡಿಕೆ ಉದುರಿದ ಮನೆಯಲ್ಲಿ ಆ ವರ್ಷ ಮಗಳ ಕಾಲೇಜು ಫೀಸು ಕಟ್ಟಬೇಕಾದದ್ದು ಈ ಅಂಕಿಯಿಂದ.

ಸುಳ್ಯ, ಪುತ್ತೂರಿನ ಕಡೆ ದಶಕಗಳಿಂದ ದಿನವೂ ಮಳೆ ಬರೆದಿಟ್ಟ ಕೃಷಿಕರಿದ್ದಾರೆ. ಯಾರ ಆದೇಶವೂ ಇಲ್ಲದೆ, ಸಂಬಳವೂ ಇಲ್ಲದೆ ಮಾಡಿದ ಕೆಲಸವದು. ಅಂಥ ನೋಟ್‌ಬುಕ್ಕನ್ನು ವಿಮಾ ಕಂಪನಿ ಒಪ್ಪಲೇಬೇಕೆಂದಿಲ್ಲ. ಆದರೆ ‘ಆಗಸ್ಟ್ 5ರಂದು ನನ್ನ ಅಂಗಳದಲ್ಲಿ 140 ಮಿ.ಮೀ., ಅರ್ಧ ಕಿಲೋಮೀಟರ್ ಆಚೆಗಿನ ನಿಮ್ಮ ಮಾಪಕದಲ್ಲಿ 20 ಹೇಗೆ?’ ಎಂದು ಕೇಳುವವನಿಗೂ, ‘ಭಾರೀ ಮಳೆ ಬಂದಿತ್ತು ಸ್ವಾಮಿ’ ಎನ್ನುವವನಿಗೂ ಕಚೇರಿಯ ಮೇಜಿನ ಎದುರು ಬಹಳ ವ್ಯತ್ಯಾಸವಿದೆ. ಮೊದಲನೆಯವನ ಪ್ರಶ್ನೆಗೆ ಮಾಪಕ ಪರೀಕ್ಷಿಸಿ ಉತ್ತರ ಕೊಡಬೇಕಾಗುತ್ತದೆ. ಎರಡನೆಯವನಿಗೆ ‘ಆಯ್ತು, ನೋಡೋಣ’ ಎಂದರೆ ಮುಗಿಯಿತು.

ಬಿಸಿಲಿನ ಹೋಲಿಕೆಯಿಂದಲೂ ನಿರ್ಧಾರಗಳಾಗುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಒಂದು ಪ್ರದೇಶದ ಬಿಸಿಲು ಇನ್ನೊಂದರಂತಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಆದೇಶವದು. ಒಳ್ಳೆಯದೇ. ಆದರೆ ಅದೇ ಊರಿನ ಕಟ್ಟಡ ಕಾರ್ಮಿಕನಿಗೆ, ಊಟದ ಪಾರ್ಸೆಲ್ ಹೊತ್ತು ಬೈಕ್ ಓಡಿಸುವ ನಮ್ಮದೇ ವಯಸ್ಸಿನ ಹುಡುಗನಿಗೆ, ಪೊಲೀಸ್ ನೇಮಕಾತಿಗಾಗಿ ಮೈದಾನದಲ್ಲಿ ಓಟದ ತಾಲೀಮು ಮಾಡುವವಳಿಗೆ ಆ ಆದೇಶ ಅನ್ವಯಿಸುವುದಿಲ್ಲ. ಇನ್ನು ಕರಾವಳಿಯದ್ದು ಬೇರೆ ಕಥೆ. ಮಂಗಳೂರಿನ 36 ಡಿಗ್ರಿ ರಾಯಚೂರಿನ 41ರ ಎದುರು ಸಣ್ಣದಾಗಿ ಕಾಣುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಅದಕ್ಕೇ ಬಿಸಿಗಾಳಿ ಘೋಷಿಸಲು ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ ಎಂದಿದ್ದರೆ ಕರಾವಳಿಗೆ 37 ಡಿಗ್ರಿ ಎಂದು ಹವಾಮಾನ ಇಲಾಖೆ ಬೇರೆ ಗೆರೆ ಎಳೆದಿದೆ. ಎರಡೂ ಕಡೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ‘ನಮ್ಮೂರೇ ಹೆಚ್ಚು ಬಿಸಿ’ ಎಂಬ ಜಂಭದ ಪಂದ್ಯದಲ್ಲಿ ಈ ತೇವದ ಲೆಕ್ಕ ತಪ್ಪಿಹೋಗುತ್ತದೆ, ಕರಾವಳಿಯ ಕೂಲಿಯವನ ಸುಸ್ತು ‘ಸೋಮಾರಿತನ’ ಅನ್ನಿಸಿಕೊಳ್ಳುತ್ತದೆ.

ಎಂಜಿನಿಯರಿಂಗ್ ಓದುವವನಾಗಿ ನಮ್ಮ ಕಾಲೇಜುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿವಿಲ್‌ನವರು ಜಲವಿಜ್ಞಾನದಲ್ಲಿ ಸೈಮನ್ಸ್ ಮಳೆಮಾಪಕದ ಚಿತ್ರ ಬರೆದು ಅಂಕ ಪಡೆಯುತ್ತಾರೆ. ಎಷ್ಟು ಮಂದಿ ಅದನ್ನು ಮುಟ್ಟಿದ್ದಾರೆ? ಚರಂಡಿಯ ಅಗಲ ಎಷ್ಟಿರಬೇಕು, ಸೇತುವೆ ಎಷ್ಟು ಎತ್ತರ ಬೇಕು ಎಂಬ ಲೆಕ್ಕಕ್ಕೆಲ್ಲ ಮಳೆಯ ತೀವ್ರತೆಯೇ ಮೂಲ. ಆ ಅಂಕಿಯನ್ನು ಪಠ್ಯಪುಸ್ತಕದ ಕೋಷ್ಟಕದಿಂದ ಎತ್ತಿಕೊಳ್ಳುತ್ತೇವೆ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಅಪಾರ್ಟ್‌ಮೆಂಟ್‌ಗಳಿಂದ ಜನರನ್ನು ದೋಣಿಯಲ್ಲಿ ಹೊರತಂದ ಚಿತ್ರ ನೋಡಿದವರಿಗೆ, ಈ ಲೆಕ್ಕ ಪರೀಕ್ಷೆಯ ಹೊರಗೂ ಇದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎಲೆಕ್ಟ್ರಾನಿಕ್ಸ್‌ನವರ ಕಥೆ ಇನ್ನೂ ತಮಾಷೆಯದ್ದು. ಪ್ರತಿ ವರ್ಷ ಎಷ್ಟೋ ಕಾಲೇಜುಗಳಲ್ಲಿ ‘ಸ್ಮಾರ್ಟ್ ಹವಾಮಾನ ಕೇಂದ್ರ’ ಎಂಬ ಪ್ರಾಜೆಕ್ಟ್ ಆಗುತ್ತದೆ. ಆರ್ಡುಯಿನೊ ಬೋರ್ಡು, ಒಂದು ಡಿಎಚ್‌ಟಿ11 ಸೆನ್ಸರ್, ಮೊಬೈಲ್‌ನಲ್ಲಿ ಕುಣಿಯುವ ಗ್ರಾಫ್. ಆ ಸೆನ್ಸರ್ ತಾಪಮಾನದಲ್ಲಿ 2 ಡಿಗ್ರಿಯವರೆಗೆ ಆಚೀಚೆ ಹೋಗಬಹುದು ಎಂದು ಅದರ ಡೇಟಾಶೀಟ್‌ನಲ್ಲೇ ಬರೆದಿದೆ. ಅದನ್ನು ಪ್ರಮಾಣಿತ ಥರ್ಮಾಮೀಟರ್ ಪಕ್ಕ ಇಟ್ಟು ತಾಳೆ ನೋಡಿದವರು ಕಡಿಮೆ. ವೈವಾ ಮುಗಿದ ದಿನವೇ ವೈರು ಕಿತ್ತು ಲ್ಯಾಬಿನ ಕಪಾಟಿಗೆ ಹಾಕುತ್ತಾರೆ. ಮುಂದಿನ ವರ್ಷದವರು ಮತ್ತೆ ಮೊದಲಿನಿಂದ ಶುರು. ಹತ್ತು ಬ್ಯಾಚಿನವರು ಹತ್ತು ಯಂತ್ರ ಮಾಡಿದ್ದಾರೆ, ಹತ್ತು ದಿನದ ದಾಖಲೆ ಉಳಿದಿಲ್ಲ. ಮೊದಲ ಬ್ಯಾಚ್ ಮಾಡಿದ ಯಂತ್ರವನ್ನೇ ಕಾಲೇಜಿನ ಅಂಗಳದಲ್ಲಿ ಉಳಿಸಿ, ಪ್ರತಿ ವರ್ಷ ಜೂನಿಯರ್‌ಗಳಿಗೆ ಒಪ್ಪಿಸಿ, ತಪ್ಪು ತಿದ್ದಿ ನಡೆಸಿದ್ದರೆ ಹತ್ತು ವರ್ಷದ ಲೆಕ್ಕ ಕೈಯಲ್ಲಿರುತ್ತಿತ್ತು. ಅದಕ್ಕೂ ಅಂಕ ಕೊಡುವಂತಾಗಬೇಕು. ಹೊಸದು ಕಟ್ಟಿದವರಿಗೆ ಮಾತ್ರ ಅಂಕ, ಇರುವುದನ್ನು ನಡೆಸಿದವರಿಗೆ ಇಲ್ಲ ಎಂಬ ಪದ್ಧತಿಯಲ್ಲಿ ಯಾವ ದಾಖಲೆಯೂ ಬೆಳೆಯುವುದಿಲ್ಲ.

‘ಪ್ಲೇಸ್‌ಮೆಂಟ್ ಚಿಂತೆಯಲ್ಲಿರುವವರಿಗೆ ಇದರಿಂದೇನು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಎಸ್‌ಎಸ್‌ಸಿ ಮೂಲಕ ನೇಮಕಾತಿ ನಡೆದಿರುವುದು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಗೊತ್ತಿರಬಹುದು. ಪಾವಗಡದ ಸೌರ ಪಾರ್ಕ್, ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ನಾಳೆ ಎಷ್ಟು ವಿದ್ಯುತ್ ಕೊಡುತ್ತವೆ ಎಂಬುದು ನಾಳಿನ ಮೋಡ, ಗಾಳಿಯ ಪ್ರಶ್ನೆ. ಬೆಳೆ ವಿಮೆ, ಅಣೆಕಟ್ಟು, ನಗರದ ಚರಂಡಿ ಎಲ್ಲದಕ್ಕೂ ಹವಾಮಾನದ ಅಂಕಿಗಳನ್ನು ಓದಬಲ್ಲವರು ಬೇಕು. ಆದರೆ ಕೆಲಸ ಸಿಗುತ್ತದೆ ಎಂಬ ಆಸೆ ತೋರಿಸಿ ಈ ಹವ್ಯಾಸವನ್ನು ಮಾರಲು ನನಗೆ ಮನಸ್ಸಿಲ್ಲ. ವರ್ಷವಿಡೀ ಒಂದೇ ಹೊತ್ತಿಗೆ ಎದ್ದು, ಕಂಡದ್ದನ್ನು ಮಾತ್ರ ಬರೆದು, ಕಾಣದ್ದನ್ನು ಬರೆಯದೆ ಇರುವ ಅಭ್ಯಾಸ ಯಾವ ಕೆಲಸಕ್ಕಾದರೂ ಬೇಕು.

ಮಾಡುವುದು ಕಷ್ಟವಲ್ಲ. ಬದಿ ನೇರವಾಗಿರುವ, ತಳ ಸಮತಟ್ಟಾದ ಒಂದು ಪಾತ್ರೆ, ಒಂದು ಸ್ಕೇಲು ಇದ್ದರೂ ಸಾಕು. ಸಣ್ಣ ಮಳೆಯನ್ನೂ ಹಿಡಿಯಬೇಕೆಂದರೆ ಬಾಯಿಯ ಅಗಲ 11.3 ಸೆಂ.ಮೀ. ಇರುವ ಆಲಿಕೆಯನ್ನು ಬಾಟಲಿಗೆ ಸಿಕ್ಕಿಸಿ. ಅದರ ಬಾಯಿಯ ವಿಸ್ತೀರ್ಣ ಹೆಚ್ಚೂಕಡಿಮೆ 100 ಚದರ ಸೆಂ.ಮೀ. ಆಗುತ್ತದೆ. ಬಾಟಲಿಯಲ್ಲಿ ಸಿಕ್ಕ ಪ್ರತಿ 10 ಮಿಲಿಲೀಟರ್ ಒಂದು ಮಿಲಿಮೀಟರ್ ಮಳೆ. ಮನೆ ಸೂರಿನಿಂದ, ಮರದಿಂದ ದೂರ ಇಡಿ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರವಿರಲಿ. ಬೆಳಗ್ಗೆ 8.30ಕ್ಕೆ ಅಳೆದು ಚೆಲ್ಲಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ. ಊರಿಗೆ ಹೋಗಿ ಅಳೆಯಲಾಗದ ದಿನ ಖಾಲಿ ಬಿಡಿ, ಅಂದಾಜು ತುಂಬಬೇಡಿ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದು, ಖಾಲಿ ಎಂದರೆ ನೋಡಲಿಲ್ಲ ಎಂದು. ಈ ಎರಡನ್ನು ಬೆರೆಸಿದ ಪುಸ್ತಕ ಎಷ್ಟು ದಪ್ಪವಿದ್ದರೂ ಪ್ರಯೋಜನಕ್ಕೆ ಬಾರದು.

ಕಾಲೇಜುಗಳು ಇನ್ನೊಂದು ಹೆಜ್ಜೆ ಇಡಬಹುದು. ಗೇಟಿನ ಬಳಿ ಒಂದು ಕಪ್ಪು ಹಲಗೆ. ನಿನ್ನೆಯ ಮಳೆ, ಗರಿಷ್ಠ, ಕನಿಷ್ಠ ತಾಪಮಾನ, ಕಳೆದ ವರ್ಷ ಇದೇ ದಿನದ ಅಂಕಿ. ಎನ್‌ಎಸ್‌ಎಸ್ ಘಟಕಕ್ಕೆ ಇದಕ್ಕಿಂತ ಅಗ್ಗದ, ವರ್ಷವಿಡೀ ನಡೆಯುವ ಕಾರ್ಯಕ್ರಮ ಸಿಗಲಾರದು. ಒಂದು ತಾಲ್ಲೂಕಿನ ನಾಲ್ಕು ಕಾಲೇಜು, ಹತ್ತು ಪ್ರೌಢಶಾಲೆಗಳು ಒಂದೇ ನಿಯಮದಲ್ಲಿ ಅಳೆದರೆ ತಾಲ್ಲೂಕಿನ ಮಳೆಯ ನಕ್ಷೆಯೇ ಸಿದ್ಧವಾಗುತ್ತದೆ. ಆಗ ಪಂಚಾಯಿತಿಯ ಮಾಪಕ ಕೆಟ್ಟಿದ್ದರೆ ವಾರದೊಳಗೆ ಗೊತ್ತಾಗುತ್ತದೆ. ಯಾವ ಹಳ್ಳದ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿದ್ದರೆ ಕೆಳಗಿನ ಸೇತುವೆ ಮುಳುಗುತ್ತದೆ ಎಂಬುದೂ ಎರಡು ಮಳೆಗಾಲದಲ್ಲಿ ತಿಳಿಯುತ್ತದೆ. ಆ ತಿಳಿವಳಿಕೆ ಯಾವ ಆ್ಯಪ್‌ನಲ್ಲೂ ಡೌನ್‌ಲೋಡಿಗೆ ಸಿಗುವುದಿಲ್ಲ.

ಹೋಲಿಕೆ ನಡೆಯಲಿ. ಆಗುಂಬೆ ದೊಡ್ಡದೋ ಹುಲಿಕಲ್ ದೊಡ್ಡದೋ ಎಂಬ ಜಗಳವೂ ನಡೆಯಲಿ. ಆದರೆ ಇನ್ನು ಮೇಲೆ ಯಾರಾದರೂ ‘ನಮ್ಮೂರಲ್ಲಿ ಭಯಂಕರ ಮಳೆ’ ಎಂದರೆ ಕೇಳೋಣ: ಎಷ್ಟು ಮಿಲಿಮೀಟರ್, ಎಷ್ಟು ಹೊತ್ತಿನದ್ದು, ಅಳೆದದ್ದು ಯಾರು? ಈ ವರ್ಷದ ಜೂನ್ ತಿಂಗಳ ಮೊದಲ ಮಳೆ ಒಮ್ಮೆ ಬಿದ್ದು ಹರಿದುಹೋದ ಮೇಲೆ ಅದನ್ನು ಮತ್ತೆ ಅಳೆಯಲು ಯಾರಿಂದಲೂ ಆಗುವುದಿಲ್ಲ. ಅಷ್ಟರೊಳಗೆ ಅಂಗಳದಲ್ಲಿ ಒಂದು ಡಬ್ಬ ಇಟ್ಟಿರೋಣ.